ಗೊಂಬೆ ಉಳೀಬೇಕು, ಬಣ್ಣ ಮಾತ್ರ ಹೋಗಬೇಕು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಕೇಳ್ತಿರೋರಿಗೂ, ಊರು ಬಿಟ್ಟು ಬೆಂಗಳೂರಿನ ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ ಸ್ವಾಗತ.

ಈ ವಾರದ ವಿಷಯ ಬೆರಳುದ್ದದ್ದು. ಪ್ಲಾಸ್ಟಿಕ್ ಗೊಂಬೆಗಳು: ಸೈನಿಕರು, ಕುದುರೆ, ಆನೆ, ಮಾಡೆಲ್ ಕಿಟ್‌ನಲ್ಲಿ ಬರೋ ಸವಾರರು. ದಸರಾಕ್ಕೆ ಗೊಂಬೆ ಕೂರಿಸೋ ಮನೆಗಳಲ್ಲಿ ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಲ್ಲಿದ್ರೆ, ಇವರು ಕೆಳಗಡೆ ಕೋಟೆ ಕಾಯ್ತಾ ನಿಂತಿರ್ತಾರೆ. ವರ್ಷ ವರ್ಷ ಬಳಿದ ಬಣ್ಣ ಪದರ ಪದರವಾಗಿ ಕೂತು ಕಣ್ಣು, ಮೂಗು, ಕತ್ತಿಯ ಹಿಡಿ ಎಲ್ಲ ಮುಚ್ಚಿಹೋಗಿರುತ್ತೆ. ಹೊಸ ಬಣ್ಣ ಹಚ್ಚಬೇಕಂದ್ರೆ ಹಳೇದು ತೆಗೀಬೇಕು. ನಾನು ಬಿ.ಕಾಂ ಓದಿದವನು, ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ಬಣ್ಣ ಹೋದರೆ ಮತ್ತೆ ಬಳೀಬಹುದು, ಅದು ಖರ್ಚು. ಗೊಂಬೆ ಕರಗಿದರೆ ವಾಪಸ್ ಬರಲ್ಲ, ಅದು ನಷ್ಟ.

ಕರಗೋದು ಯಾಕೆ? ನಮ್ಮೂರಿನ ಮಕ್ಕಳು ಸ್ಕೂಲ್ ಪ್ರಾಜೆಕ್ಟ್‌ಗೆ ಥರ್ಮಾಕೋಲ್‌ನಲ್ಲಿ ಏಳುಸುತ್ತಿನ ಕೋಟೆ ಮಾಡ್ತಾರಲ್ಲ, ಅದನ್ನ ನೆನಪಿಸ್ಕೊಳ್ಳಿ. ಅದಕ್ಕೆ ಸ್ಪ್ರೇ ಪೇಂಟ್ ಹೊಡೆದರೆ ಬುರುಜು ಕುಸಿದು ಗುಂಡಿ ಬೀಳುತ್ತೆ. 1779ರಲ್ಲಿ ಹೈದರಾಲಿ ಕೈಗೆ ಸಿಗೋಕೆ ಮುಂಚೆ ಅಷ್ಟೊಂದು ಮುತ್ತಿಗೆ ತಡೆದ ಕೋಟೆ, ಇಲ್ಲಿ ಎರಡೇ ನಿಮಿಷಕ್ಕೆ ಬೀಳುತ್ತೆ. ಥರ್ಮಾಕೋಲ್ ಅಂದ್ರೆ ಗಾಳಿ ತುಂಬಿದ ಪಾಲಿಸ್ಟೈರೀನ್. ಮಾಡೆಲ್ ಕಿಟ್‌ನ ಗಟ್ಟಿ ಗೊಂಬೆಗಳಲ್ಲಿ ಹೆಚ್ಚಿನವು ಇದೇ ಪಾಲಿಸ್ಟೈರೀನ್, ಗಾಳಿ ಇಲ್ಲ ಅಷ್ಟೇ. ಹಾಗಾಗಿ ಥರ್ಮಾಕೋಲ್ ತಿನ್ನೋದೆಲ್ಲ ಇವನ್ನೂ ತಿನ್ನುತ್ತೆ: ಪೇಂಟ್ ಅಂಗಡಿ ಥಿನ್ನರ್, ಪೆಟ್ರೋಲ್, ಅಸಿಟೋನ್ ಇರೋ ನೇಲ್ ಪಾಲಿಶ್ ರಿಮೂವರ್. ಇವು ಮೂರೂ ಬೇಡ. ಕುದಿಯೋ ನೀರೂ ಬೇಡ. ಪಾಲಿಸ್ಟೈರೀನ್ 100 ಡಿಗ್ರಿ ಹತ್ತಿರ ಮೆತ್ತಗಾಗುತ್ತೆ, ಈಟಿ ಹಿಡಿದವನ ಈಟಿ ಬಾಗುತ್ತೆ.

ಹಾಗಾದ್ರೆ ಯಾವುದು ಬೇಕು? ಮೆಡಿಕಲ್ ಶಾಪಲ್ಲೇ ಎರಡು ಸಿಗುತ್ತೆ.

ಒಂದು, ಐಸೋಪ್ರೊಪೈಲ್ ಆಲ್ಕೋಹಾಲ್. ಕೊರೊನಾ ಕಾಲದಲ್ಲಿ ಕೈಗೆ ಹಚ್ಚಿದ ನೀರಿನಂಥ ಸ್ಯಾನಿಟೈಜರ್‌ಗಳಲ್ಲಿ ಅನೇಕವು ಇದರದ್ದೇ. ಜೆಲ್ ಬೇಡ, ತೆಳ್ಳಗಿರೋದು ನೋಡ್ಕೊಳ್ಳಿ. ಇದು ಅಕ್ರಿಲಿಕ್ ಬಣ್ಣವನ್ನ ಮೆತ್ತಗೆ ಮಾಡುತ್ತೆ, ಪಾಲಿಸ್ಟೈರೀನನ್ನ ಕರಗಿಸಲ್ಲ.

ಎರಡು, ಕಂದು ಬಣ್ಣದ ಡೆಟಾಲ್. ಗಾಯಕ್ಕೆ ಹಾಕೋ ಅದೇ ಬಾಟಲ್. ಹೊರದೇಶದಲ್ಲಿ ಗೊಂಬೆ ಬಣ್ಣ ಬಳಿಯೋ ಹವ್ಯಾಸಿಗಳು ಬಹಳ ವರ್ಷದಿಂದ ಇದನ್ನ ಬಳಸ್ತಾ ಬಂದಿದ್ದಾರೆ. ಇದು ನಿಧಾನ, ರಾತ್ರಿಯಿಡೀ ನೆನೆಸಬೇಕು.

ಕ್ರಮ ಹೀಗೆ. ಮೊದಲು ಗೊಂಬೆಯ ಅಡಿಭಾಗಕ್ಕೆ ಒಂದು ಹನಿ ಹಾಕಿ, ಹತ್ತು ನಿಮಿಷ ಬಿಟ್ಟು ಮುಟ್ಟಿ ನೋಡಿ. ಪ್ಲಾಸ್ಟಿಕ್ ಅಂಟಂಟಾದ್ರೆ ಅಲ್ಲಿಗೇ ನಿಲ್ಲಿಸಿ. ಏನೂ ಆಗದಿದ್ರೆ ಮುಚ್ಚಳ ಇರೋ ಗಾಜಿನ ಬಾಟಲ್‌ನಲ್ಲಿ ಮುಳುಗಿಸಿ. ಆಲ್ಕೋಹಾಲ್ ಆದ್ರೆ ಅರ್ಧ ಗಂಟೆಗೊಮ್ಮೆ ನೋಡಿ. ಬಣ್ಣ ಸುಕ್ಕುಗಟ್ಟಿ ಏಳೋಕೆ ಶುರುವಾದಾಗ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ.

ಡೆಟಾಲ್ ಬಳಸಿದ್ರೆ ಒಂದು ಎಚ್ಚರ. ಉಜ್ಜೋ ಮುಂಚೆ ನೀರು ತಾಗಿಸಬೇಡಿ. ನೀರು ಬಿದ್ದ ಕೂಡ್ಲೆ ಬಣ್ಣ ಅಂಟಾಗಿ ಮತ್ತೆ ಗೊಂಬೆಗೇ ಮೆತ್ಕೊಳ್ಳುತ್ತೆ. ಡೆಟಾಲ್‌ನಲ್ಲೇ ಅದ್ದಿ ಉಜ್ಜಿ, ಪೂರ್ತಿ ಬಿಟ್ಟ ಮೇಲೆ ಸೋಪು ನೀರು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು, ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತೆ. ಕೊನೇ ಸಲ ಫಿಲ್ಟರ್ ನೀರಲ್ಲಿ ತೊಳೆದರೆ ಹೊಸ ಬಣ್ಣ ಚೆನ್ನಾಗಿ ಹಿಡಿಯುತ್ತೆ. ಗೇಟಿಗೆ ಬಳಿಯೋ ಎನಾಮೆಲ್ ಆಗಿದ್ರೆ ಹಟ ಮಾಡುತ್ತೆ, ಎರಡು ಮೂರು ಸಲ ನೆನೆಸಬೇಕು. ಚೂರುಪಾರು ಉಳಿದ್ರೆ ಪರವಾಗಿಲ್ಲ, ಮೈ ನುಣುಪಾಗಿದ್ರೆ ಸಾಕು.

ಇನ್ನು ಮುಖ್ಯ ಮಾತು. ಆಲ್ಕೋಹಾಲ್ ಆವಿ ಬೆಂಕಿ ಹಿಡಿಯುತ್ತೆ, ಅಡುಗೆಮನೆಯಲ್ಲಿ, ದೇವರ ದೀಪದ ಹತ್ತಿರ ಈ ಕೆಲಸ ಬೇಡ. ಕಿಟಕಿ ತೆಗೆದಿರಿ, ಕೈಗೆ ಗ್ಲೌಸ್ ಹಾಕಿ. ಮನೇಲಿ ಬೆಕ್ಕಿದ್ರೆ ಡೆಟಾಲ್ ಅದರ ಬಾಯಿಗೆ, ಮೈಗೆ ತಾಗದಂತೆ ನೋಡ್ಕೊಳ್ಳಿ, ಅದಕ್ಕೆ ವಿಷ.

ಮತ್ತೆ ಹಳೇ ಬಣ್ಣದಲ್ಲಿ ಸೀಸ ಇರಬಹುದು. ಮನೆ ಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಎನಾಮೆಲ್ ಬಳಿದ ಗೊಂಬೆಯನ್ನ ಒಣಗಿದ್ದಾಗ ಮರಳು ಕಾಗದದಿಂದ ಉಜ್ಜಲೇಬೇಡಿ. ಸೀಸ ಹೆಚ್ಚು ಕೆಡಿಸೋದು ಚಿಕ್ಕ ಮಕ್ಕಳ ಮಿದುಳನ್ನ, ಆ ಧೂಳು ಕೂರೋದು ಅವರು ಅಂಬೆಗಾಲಿಡೋ ನೆಲದಲ್ಲೇ. ನೆನೆಸಿ ತೆಗೆಯೋದರ ದೊಡ್ಡ ಲಾಭ ಇದು, ಧೂಳು ಏಳಲ್ಲ.

ಉಳಿದ ದ್ರವವನ್ನ ಚರಂಡಿಗೆ ಸುರೀಬೇಡಿ. ಹಿರಿಯೂರಲ್ಲಿ ಚರಂಡಿ ಅಂದ್ರೆ ಮುಂದೆ ವೇದಾವತಿ. ಬಟ್ಟೆಯಲ್ಲಿ ಸೋಸಿ ಇನ್ನೊಂದು ಸಲ ಬಳಸಿ. ಬಣ್ಣದ ಗಸಿಯನ್ನ ಪೇಪರ್ ಮೇಲೆ ಒಣಗಿಸಿ, ಸುತ್ತಿ, ಕಸದ ಗಾಡಿಗೆ ಬೇರೆಯಾಗಿ ಕೊಡಿ.

ಕೊನೇದಾಗಿ, ಇದೆಲ್ಲ ಪ್ಲಾಸ್ಟಿಕ್‌ಗೆ ಮಾತ್ರ. ಚನ್ನಪಟ್ಟಣದ ಮರದ ಗೊಂಬೆಯ ಹೊಳಪು ಅರಗಿನದು, ಅರಗು ಆಲ್ಕೋಹಾಲ್‌ನಲ್ಲಿ ಕರಗುತ್ತೆ. ಕಿನ್ನಾಳದ ಗೊಂಬೆ, ಅಜ್ಜಿ ಕಾಲದ ಮಣ್ಣಿನ ಗೊಂಬೆ ನೆನೆಸೋ ವಸ್ತುಗಳೇ ಅಲ್ಲ. ಅವನ್ನ ಒಣ ಬಟ್ಟೆಯಿಂದ ಒರೆಸಿ ಎತ್ತಿಡಿ, ಸಾಕು. ಪ್ಲಾಸ್ಟಿಕ್ ಸೈನಿಕರಲ್ಲೂ ತೀರಾ ಮುರುಕಲು ಒಬ್ಬನನ್ನ ಆರಿಸಿ ಮೊದಲು ಅವನ ಮೇಲೆ ಪ್ರಯೋಗ ಮಾಡಿ. ಅವನು ಉಳಿದ್ರೆ ಮಿಕ್ಕ ಸೈನ್ಯ ಇಳಿಸಿ. ಮುಂದಿನ ವಾರ ಸಿಗೋಣ.