ಬ್ಯಾಂಬಿಯ ತಾಯಿ ಸತ್ತದ್ದನ್ನು ಯಾರೂ ನೋಡಿಲ್ಲ

ಚಿಕ್ಕಂದಿನಲ್ಲಿ ಡಿಸ್ನಿಯ ‘ಬ್ಯಾಂಬಿ’ ನೋಡಿದವರನ್ನು ಕೇಳಿ ನೋಡಿ. ತಾಯಿ ಜಿಂಕೆಗೆ ಗುಂಡು ತಗಲಿದ್ದು, ಹಿಮದ ಮೇಲೆ ಕುಸಿದದ್ದು, ಮರಿ ಪಕ್ಕದಲ್ಲಿ ನಿಂತು ಅತ್ತದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ ಎನ್ನುವವರು ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಚಿತ್ರದಲ್ಲಿ ಅದು ಇಲ್ಲವೇ ಇಲ್ಲ.

ಇರುವುದು ಇಷ್ಟು. ಚಳಿಗಾಲ ಮುಗಿಯುತ್ತ ಬಂದಿದೆ, ಹಿಮದ ನಡುವೆ ಹೊಸ ಹುಲ್ಲು ಚಿಗುರಿದೆ. ಮೇಯುತ್ತಿದ್ದ ತಾಯಿ ತಟ್ಟನೆ ತಲೆಯೆತ್ತುತ್ತದೆ. ಮರಿಯನ್ನು ಪೊದೆಯತ್ತ ಓಡಿಸುತ್ತದೆ, ಹಿಂದೆ ನೋಡಬೇಡ ಎನ್ನುತ್ತದೆ. ಪರದೆಯ ಮೇಲೆ ಮರಿಯೊಂದೇ ಓಡುತ್ತಿರುವಾಗ ಗುಂಡಿನ ಸದ್ದು. ಪೊದೆ ಸೇರಿದ ಬ್ಯಾಂಬಿ ಬದುಕಿಕೊಂಡೆವೆಂಬ ಖುಷಿಯಲ್ಲಿ ತಿರುಗಿದರೆ ಹಿಂದೆ ಯಾರೂ ಇಲ್ಲ. ಹಿಮ ಸುರಿಯತೊಡಗುತ್ತದೆ. ರಕ್ತವಿಲ್ಲ, ಹೆಣವಿಲ್ಲ, ಬೇಟೆಗಾರನೂ ಇಲ್ಲ. ಸುಮಾರು 70 ನಿಮಿಷದ ಇಡೀ ಚಿತ್ರದಲ್ಲಿ ಮನುಷ್ಯ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಕಾಡಿಗೆ ಬೆಂಕಿ ಹೊತ್ತಿಸುವುದು ಅವನ ಬಿಡಾರದ ಕಿಡಿ, ಅಲ್ಲೂ ಅವನ ಸುಳಿವಿಲ್ಲ.

ಗುಂಡೇಟು ತಿಂದು ನೆಲಕ್ಕೆ ಬೀಳುವ ದೃಶ್ಯ ನಿಜಕ್ಕೂ ಕಾಣುವುದು ಒಂದು ಫೆಸೆಂಟ್ ಹಕ್ಕಿಯದು. ಹೆದರಿ ಹಾರಿ, ಮರುಕ್ಷಣ ದೊಪ್ಪನೆ ಬೀಳುತ್ತದೆ. ಅದನ್ನು ನೆನಪಿಟ್ಟವರು ಕಡಿಮೆ. ತೋರಿಸಿದ ಸಾವು ಮಾಸಿತು, ತೋರಿಸದ ಸಾವನ್ನು ಮಕ್ಕಳು ತಾವೇ ಮನಸ್ಸಿನಲ್ಲಿ ಬರೆದುಕೊಂಡರು.

ಇದು ಡಿಸ್ನಿ ಸಂಸ್ಥೆ ಮಕ್ಕಳಿಗೆಂದೇ ಹೆಣೆದ ಕಥೆ ಎಂಬುದು ಇನ್ನೊಂದು ತಪ್ಪು ನಂಬಿಕೆ. ಮೂಲ ಲೇಖಕ ಫೀಲಿಕ್ಸ್ ಸಾಲ್ಟನ್, ವಿಯೆನ್ನಾದ ಪತ್ರಕರ್ತ, ಸ್ವತಃ ಬೇಟೆಯಾಡುತ್ತಿದ್ದವರು. 1923ರಲ್ಲಿ ಪುಸ್ತಕವಾಗಿ ಬಂದ ಅವರ ಕಾದಂಬರಿ ಚಿತ್ರಕ್ಕಿಂತ ಎಷ್ಟೋ ಕಠೋರ. ಅದರಲ್ಲಿ ಗೋಬೊ ಎಂಬ ಎಳೆಯ ಜಿಂಕೆಯಿದೆ. ಹಿಮದಲ್ಲಿ ಬಿದ್ದಿದ್ದ ಅದನ್ನು ಮನುಷ್ಯರು ಎತ್ತಿಕೊಂಡು ಹೋಗಿ ಸಾಕುತ್ತಾರೆ. ಕೊರಳಪಟ್ಟಿಯೊಡನೆ ಕಾಡಿಗೆ ಮರಳಿದ ಗೋಬೊಗೆ ಮನುಷ್ಯನೆಂದರೆ ಭಯವಿಲ್ಲ, ಆ ನಂಬಿಕೆಯಿಂದಲೇ ಗುಂಡಿಗೆ ಬಲಿಯಾಗುತ್ತದೆ. ಈ ಪಾತ್ರವನ್ನು ಡಿಸ್ನಿ ಕೈಬಿಟ್ಟಿತು. ಯಹೂದಿಯಾಗಿದ್ದ ಸಾಲ್ಟನ್ ಅವರ ಪುಸ್ತಕವನ್ನು ನಾಜಿಗಳು 1936ರಲ್ಲಿ ನಿಷೇಧಿಸಿದರು. ಚಿತ್ರದ ಹಕ್ಕನ್ನು ಸಾಲ್ಟನ್ ಅದಕ್ಕೂ ಮೊದಲೇ, 1933ರಲ್ಲಿ, ಬರೀ 1,000 ಡಾಲರಿಗೆ ಮಾರಿಬಿಟ್ಟಿದ್ದರು.

ಬಿಡುಗಡೆಯಾದ ಕೂಡಲೇ ಚಿತ್ರ ಗೆದ್ದಿತು ಎಂಬುದೂ ತಪ್ಪು. 1942ರ ಆಗಸ್ಟ್‌ನಲ್ಲಿ ಅದು ತೆರೆಕಂಡಾಗ ಎರಡನೇ ಮಹಾಯುದ್ಧದಿಂದಾಗಿ ಯುರೋಪಿನ ಮಾರುಕಟ್ಟೆ ಮುಚ್ಚಿತ್ತು, ಹಾಕಿದ ಹಣ ಬರಲಿಲ್ಲ. ಅಮೆರಿಕದ ಬೇಟೆಗಾರರು ತಮಗೆ ಅವಮಾನವಾಯಿತೆಂದು ಸಿಟ್ಟಾದರು. ಲಾಭ ಬಂದದ್ದು ಮರುಬಿಡುಗಡೆಗಳಲ್ಲಿ.

ಆ ಮುದ್ದು ಜಿಂಕೆಗಳು ಬರೀ ಕಲ್ಪನೆಯಲ್ಲಿ ಹುಟ್ಟಿದವಲ್ಲ. ಮೇನ್ ರಾಜ್ಯದಿಂದ ಎರಡು ಮರಿಗಳನ್ನು ಸ್ಟುಡಿಯೋಗೆ ತರಿಸಿ ಅವುಗಳ ನಡಿಗೆ ನೋಡಿ ಚಿತ್ರ ಬರೆದರು. ಅಂಗರಚನೆ ಕಲಿಸಲು ಬಂದ ರಿಕೊ ಲೆಬ್ರನ್ ಸತ್ತ ಜಿಂಕೆಮರಿಯೊಂದರ ಚರ್ಮ, ಆಮೇಲೆ ಸ್ನಾಯು, ಹೀಗೆ ಪದರ ಪದರವಾಗಿ ಬಿಡಿಸಿ ತೋರಿಸಿದರು. ದಿನ ಕಳೆದಂತೆ ನಾತ ಹೆಚ್ಚಿತು, ಪಾಠ ನಿಲ್ಲಲಿಲ್ಲ.

ಇನ್ನು ಆ ಕಾಡು. ಮೊದಮೊದಲು ಎಲೆ ಎಲೆಯನ್ನೂ ಬಿಡಿಸಿ ಬರೆದ ಹಿನ್ನೆಲೆಯಲ್ಲಿ ಜಿಂಕೆಗಳೇ ಕಳೆದುಹೋಗುತ್ತಿದ್ದವು. ಚೀನಾದ ಸಾಂಗ್ ಕಾಲದ ವರ್ಣಚಿತ್ರಗಳಿಂದ ಪ್ರೇರಣೆ ಪಡೆದು, ಮಂಜಿನಲ್ಲಿ ಅರ್ಧ ಕರಗಿದ ಮರಗಳನ್ನು ಬರೆದು ದಾರಿ ತೋರಿಸಿದವರು ಕಲಾವಿದ ಟೈರಸ್ ವಾಂಗ್. ಡಿಸ್ನಿ ಸ್ಟುಡಿಯೋದಲ್ಲಿ ನಡೆದ 1941ರ ಮುಷ್ಕರದ ನಂತರ ಅವರನ್ನು ಕೆಲಸದಿಂದ ತೆಗೆದರು. ಇಡೀ ಚಿತ್ರಕ್ಕೆ ಬಣ್ಣ, ಬೆಳಕು ಕೊಟ್ಟವರ ಹೆಸರು ತೆರೆಯ ಮೇಲೆ ಹಿನ್ನೆಲೆ ಚಿತ್ರಕಾರರ ಸಾಲಿನಲ್ಲಿ ಒಂದಾಗಿಯಷ್ಟೇ ಬಂತು. ವಾಂಗ್ ಹುಡುಗನಾಗಿದ್ದಾಗಲೇ ತಂದೆಯ ಜೊತೆ ಹಡಗು ಹತ್ತಿ ಅಮೆರಿಕಕ್ಕೆ ಬಂದವರು. 2016ರಲ್ಲಿ, 106ನೇ ವಯಸ್ಸಿನಲ್ಲಿ ತೀರಿಕೊಂಡರು. ಚೀನಾದಲ್ಲೇ ಉಳಿದ ತಾಯಿಯನ್ನು ಅವರು ಮತ್ತೆ ನೋಡಲೇ ಇಲ್ಲ.