ಮಹಿಳಾ ಟೆನಿಸ್: ಬಹುಮಾನದ ಮೊತ್ತ ಮತ್ತು ಅದರ ಹಿಂದಿನ ಲೆಕ್ಕ

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ದಿನದ ವಹಿವಾಟಿನ ಮೊತ್ತವನ್ನು ಮಾತ್ರ ನೋಡಿ ಯಾವ ರೀಲರ್‌ನ ಲಾಭವನ್ನೂ ಅಳೆಯಲಾಗದು. ಗೂಡಿನ ಖರೀದಿ ಬೆಲೆ, ಒಂದು ಕಿಲೋ ನೂಲಿಗೆ ತಗಲುವ ಗೂಡಿನ ಪ್ರಮಾಣ, ಸೌದೆ, ಕೂಲಿ, ಸಾಲದ ಬಡ್ಡಿ ಇವೆಲ್ಲವನ್ನೂ ಕಳೆದ ಮೇಲೆ ಉಳಿಯುವುದೇ ನಿಜವಾದ ಗಳಿಕೆ. ವ್ಯಾಪಾರಸ್ಥರಿಗೆ ಸಹಜವಾಗಿ ತಿಳಿದಿರುವ ಈ ತತ್ವ ಕ್ರೀಡೆಯ ವಿಷಯ ಬಂದಾಗ ಮರೆತುಹೋಗುತ್ತದೆ. ಮಹಿಳಾ ಟೆನಿಸ್‌ನ ಅಗ್ರ ಆಟಗಾರ್ತಿಯರು ಗೆದ್ದ ಕೋಟಿಗಳ ಸುದ್ದಿಯನ್ನು ಓದಿ ಮಗಳ ಕೈಗೆ ರಾಕೆಟ್ ಕೊಡುವ ಕುಟುಂಬಗಳೂ, ಪ್ರಾಯೋಜಕತ್ವ ಕೋರಿ ಬಂದವರಿಗೆ ಚೆಕ್ ಬರೆದುಕೊಡುವ ಸಂಸ್ಥೆಗಳೂ ಹೆಚ್ಚುತ್ತಿರುವುದರಿಂದ, ಈ ಆಟದ ಜಮಾ-ಖರ್ಚನ್ನು ಅರಿಯುವುದು ಅಗತ್ಯ.

ಅಗ್ರಪಂಕ್ತಿಯ ಗಳಿಕೆ

ಪೂರ್ಣಗೊಂಡ ಒಂದು ವರ್ಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಸೂಕ್ತ. 2025ರಲ್ಲಿ ನಾಲ್ಕು ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿಗಳು ನಾಲ್ವರು ಬೇರೆ ಬೇರೆ ಆಟಗಾರ್ತಿಯರ ಪಾಲಾದವು. ಆಸ್ಟ್ರೇಲಿಯನ್ ಓಪನ್ ಅಮೆರಿಕದ ಮ್ಯಾಡಿಸನ್ ಕೀಸ್ ಅವರಿಗೆ, ಫ್ರೆಂಚ್ ಓಪನ್ ಅದೇ ದೇಶದ ಕೊಕೊ ಗಾಫ್ ಅವರಿಗೆ, ವಿಂಬಲ್ಡನ್ ಪೋಲೆಂಡಿನ ಇಗಾ ಶ್ವಾಂಟೆಕ್ ಅವರಿಗೆ ಹಾಗೂ ಅಮೆರಿಕನ್ ಓಪನ್ ಬೆಲರೂಸ್‌ನ ಅರೀನಾ ಸಬಲೆಂಕಾ ಅವರಿಗೆ ಒಲಿದವು. ವರ್ಷಾಂತ್ಯದ ಡಬ್ಲ್ಯುಟಿಎ ಫೈನಲ್ಸ್ ಕೂಟವನ್ನು ಕಜಕಸ್ತಾನದ ಪರ ಆಡುವ ಎಲೆನಾ ರಿಬಾಕಿನಾ ಗೆದ್ದರು.

ವರ್ಷಾಂತ್ಯಕ್ಕೆ ಪ್ರಥಮ ಸ್ಥಾನದಲ್ಲಿದ್ದ ಸಬಲೆಂಕಾ ಆ ವರ್ಷ ಗಳಿಸಿದ ಬಹುಮಾನದ ಹಣ 1.5 ಕೋಟಿ ಡಾಲರ್. ಡಾಲರಿಗೆ 85 ರೂಪಾಯಿಯಂತೆ ಎಣಿಸಿದರೆ ಇದು 127 ಕೋಟಿ ರೂಪಾಯಿಗೂ ಹೆಚ್ಚು. ಸೆರೆನಾ ವಿಲಿಯಮ್ಸ್ 2013ರಲ್ಲಿ ಸ್ಥಾಪಿಸಿದ್ದ ಸುಮಾರು 1.24 ಕೋಟಿ ಡಾಲರುಗಳ ದಾಖಲೆ ಇದರಿಂದ ಮುರಿಯಿತು. ಅಮೆರಿಕನ್ ಓಪನ್ ಸಿಂಗಲ್ಸ್ ವಿಜೇತೆಗೆ 50 ಲಕ್ಷ ಡಾಲರ್ ದೊರೆತರೆ, ಪ್ರಧಾನ ಹಂತದ ಮೊದಲ ಸುತ್ತಿನಲ್ಲೇ ಸೋತವರಿಗೂ 1.10 ಲಕ್ಷ ಡಾಲರ್ ದೊರೆಯಿತು.

ಬಹುಮಾನಕ್ಕಿಂತ ಜಾಹೀರಾತಿನ ವರಮಾನವೇ ಹೆಚ್ಚಾಗುವ ಸಂದರ್ಭಗಳೂ ಉಂಟು. ಫೋರ್ಬ್ಸ್ ಪತ್ರಿಕೆಯ ಅಂದಾಜಿನಂತೆ ಕೊಕೊ ಗಾಫ್ ಅವರ 2025ರ ಒಟ್ಟು ವರಮಾನ ಸುಮಾರು 3.3 ಕೋಟಿ ಡಾಲರ್. ಅದರಲ್ಲಿ ಮುಕ್ಕಾಲು ಪಾಲು ಅಂಕಣದ ಹೊರಗಿನದು. ಚನ್ನಪಟ್ಟಣದ ಗೊಂಬೆ ತಯಾರಕರಿಗೆ ಇದು ಹೊಸ ವಿಷಯವೇನಲ್ಲ. ಅರಗಿನ ಬಣ್ಣದ ಗೊಂಬೆಗೆ ಸಿಗುವ ಬೆಲೆಯಲ್ಲಿ ಮರ ಮತ್ತು ಕೂಲಿಯ ಜೊತೆಗೆ ಊರಿನ ಹೆಸರಿಗೂ ಒಂದು ಪಾಲಿದೆ.

ಒಂದು ಡಾಲರಿನಿಂದ ಆರಂಭ

ಈ ಸಂಪತ್ತು ತಾನಾಗಿ ಬಂದದ್ದಲ್ಲ. 1970ರಲ್ಲಿ ಅಮೆರಿಕದ ಒಂದು ಪ್ರಮುಖ ಕೂಟವು ಪುರುಷ ವಿಜೇತನಿಗೆ 12,500 ಡಾಲರ್ ಹಾಗೂ ಮಹಿಳಾ ವಿಜೇತೆಗೆ 1,500 ಡಾಲರ್ ಘೋಷಿಸಿತು. ಇದನ್ನು ಪ್ರತಿಭಟಿಸಿ ಬಿಲ್ಲಿ ಜೀನ್ ಕಿಂಗ್ ಸೇರಿದಂತೆ ಒಂಬತ್ತು ಆಟಗಾರ್ತಿಯರು ಪತ್ರಿಕಾ ಪ್ರಕಾಶಕಿ ಗ್ಲಾಡಿಸ್ ಹೆಲ್ಡ್‌ಮನ್ ಅವರೊಡನೆ ತಲಾ ಒಂದು ಡಾಲರಿನ ಕರಾರಿಗೆ ಸಹಿ ಹಾಕಿ ಹ್ಯೂಸ್ಟನ್ ನಗರದಲ್ಲಿ ಪ್ರತ್ಯೇಕ ಕೂಟ ನಡೆಸಿದರು. ಪ್ರಾಯೋಜಕರಾಗಿ ಮುಂದೆ ಬಂದದ್ದು ಒಂದು ಸಿಗರೇಟು ಕಂಪನಿ. ಮಹಿಳಾ ಟೆನಿಸ್ ಸಂಘ, ಅಂದರೆ ಡಬ್ಲ್ಯುಟಿಎ, 1973ರಲ್ಲಿ ಸ್ಥಾಪನೆಯಾಯಿತು. ಅದೇ ವರ್ಷ ಅಮೆರಿಕನ್ ಓಪನ್ ಸಮಾನ ಬಹುಮಾನ ನೀಡಿತು. ವಿಂಬಲ್ಡನ್ ಅದನ್ನು ಒಪ್ಪಿದ್ದು 2007ರಲ್ಲಿ. ಉಳಿದ ಕೂಟಗಳಲ್ಲಿ ಅಂತರ ಪೂರ್ತಿ ಅಳಿದಿಲ್ಲ. ಪುರುಷರೊಡನೆ ಜೊತೆಯಾಗಿ ನಡೆಯುವ ಪ್ರಮುಖ ಕೂಟಗಳಲ್ಲಿ 2027ರ ವೇಳೆಗೆ, ಪ್ರತ್ಯೇಕವಾಗಿ ನಡೆಯುವ ಪ್ರಮುಖ ಕೂಟಗಳಲ್ಲಿ 2033ರ ವೇಳೆಗೆ ಸಮಾನತೆ ತರುವ ಗುರಿಯನ್ನು ಡಬ್ಲ್ಯುಟಿಎ 2023ರಲ್ಲಿ ಪ್ರಕಟಿಸಿತು.

ಅಂಕಗಳೆಂಬ ಸರಕು

ಈ ಆಟದಲ್ಲಿ ಹಣಕ್ಕಿಂತ ಮೊದಲು ಸಂಪಾದಿಸಬೇಕಾದದ್ದು ಶ್ರೇಯಾಂಕದ ಅಂಕಗಳನ್ನು. ಗ್ರ್ಯಾಂಡ್ ಸ್ಲಾಮ್ ವಿಜೇತೆಗೆ 2000 ಅಂಕಗಳು. ಅದರ ಕೆಳಗೆ 1000, 500, 250 ಹಾಗೂ 125 ಅಂಕಗಳ ಡಬ್ಲ್ಯುಟಿಎ ಕೂಟಗಳಿವೆ. ತಳಪಾಯದಲ್ಲಿರುವುದು ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್ ನಡೆಸುವ ಐಟಿಎಫ್ ಕೂಟಗಳು. ಒಟ್ಟು 15 ಸಾವಿರ ಡಾಲರಿನಿಂದ ಒಂದು ಲಕ್ಷ ಡಾಲರ್‌ವರೆಗಿನ ಬಹುಮಾನದ ಈ ಕೂಟಗಳೇ ಹೊಸಬರಿಗೆ ಪ್ರವೇಶದ್ವಾರ. ಯಾವ ಕೂಟಕ್ಕೆ ಪ್ರವೇಶ ಸಿಗಬೇಕು ಎಂಬುದನ್ನು ಬಹುಮಟ್ಟಿಗೆ ಶ್ರೇಯಾಂಕವೇ ನಿರ್ಧರಿಸುತ್ತದೆ.

ಅಂಕಗಳ ಆಯುಷ್ಯ ಕೇವಲ 52 ವಾರಗಳು. ಕಳೆದ ವರ್ಷ ಗೆದ್ದ ಅಂಕಗಳು ಈ ವರ್ಷ ಅದೇ ಹೊತ್ತಿಗೆ ಖಾತೆಯಿಂದ ಕಳೆದುಹೋಗುತ್ತವೆ. ಅಷ್ಟನ್ನು ಮರಳಿ ಗಳಿಸಿದರೆ ಮಾತ್ರ ಸ್ಥಾನ ಉಳಿಯುತ್ತದೆ. ಚಿಟ್ಟೆ ಹೊರಬರುವ ಮುನ್ನ ಗೂಡನ್ನು ಮಾರಲೇಬೇಕಾದ ರೈತನಂತೆ ಆಟಗಾರ್ತಿಯೂ ತನ್ನ ಸರಕನ್ನು ದಾಸ್ತಾನು ಮಾಡಿಡಲಾರಳು. ಗಾಯಗೊಂಡು ಆರು ತಿಂಗಳು ಮನೆಯಲ್ಲಿ ಉಳಿದರೆ ವರಮಾನ ನಿಲ್ಲುವುದಷ್ಟೇ ಅಲ್ಲ, ದೊಡ್ಡ ಮಾರುಕಟ್ಟೆಗೆ ಕಾಲಿಡುವ ಅರ್ಹತೆಯೂ ಕುಗ್ಗುತ್ತದೆ.

ಕೆಳಗಿನ ಮೆಟ್ಟಿಲಿನ ಜಮಾ-ಖರ್ಚು

15 ಸಾವಿರ ಡಾಲರಿನ ಐಟಿಎಫ್ ಕೂಟದಲ್ಲಿ ಪ್ರಶಸ್ತಿಯನ್ನೇ ಗೆದ್ದರೂ ಸಿಂಗಲ್ಸ್ ವಿಜೇತೆಗೆ ಸಿಗುವುದು ಎರಡು ಸಾವಿರ ಡಾಲರಿನ ಆಸುಪಾಸು. ಮೊದಲ ಸುತ್ತಿನಲ್ಲಿ ಸೋತವರಿಗೆ ಇನ್ನೂರು ಡಾಲರಿಗಿಂತಲೂ ಕಡಿಮೆ. ಖರ್ಚಿನ ಭಾಗದಲ್ಲಿ ವಿಮಾನ ಪ್ರಯಾಣ, ವಸತಿ, ಊಟ, ರಾಕೆಟ್ಟಿನ ತಂತಿ, ತರಬೇತುದಾರರ ಸಂಬಳ, ವೀಸಾ, ವೈದ್ಯಕೀಯ ವೆಚ್ಚ ಇವೆಲ್ಲ ಸೇರುತ್ತವೆ.

ಒಂದು ಕಲ್ಪಿತ ಉದಾಹರಣೆಯನ್ನು ಪರಿಶೀಲಿಸಬಹುದು. ಆಟಗಾರ್ತಿಯೊಬ್ಬಳು ವರ್ಷಕ್ಕೆ 25 ಕೂಟಗಳಲ್ಲಿ ಆಡುತ್ತಾಳೆ. ತರಬೇತುದಾರರ ಪಾಲೂ ಸೇರಿ ವಾರಕ್ಕೆ ಸರಾಸರಿ ಒಂದು ಲಕ್ಷ ರೂಪಾಯಿ ಖರ್ಚಾಗುತ್ತದೆ ಎಂದಿಟ್ಟುಕೊಳ್ಳೋಣ. ವಾರ್ಷಿಕ ಖರ್ಚು 25 ಲಕ್ಷ ರೂಪಾಯಿ. ಪ್ರತಿ ಪ್ರಶಸ್ತಿಗೆ ಎರಡು ಸಾವಿರ ಡಾಲರಿನಂತೆ 1.70 ಲಕ್ಷ ರೂಪಾಯಿ ಬಂದರೆ, ಖರ್ಚು ಸರಿದೂಗಿಸಲು ಆಕೆ 25ರಲ್ಲಿ 15 ಕೂಟಗಳ ಪ್ರಶಸ್ತಿ ಗೆಲ್ಲಬೇಕು. ಅದೂ ತೆರಿಗೆ ಕಟ್ಟುವುದಕ್ಕೆ ಮುನ್ನ. ಅಂದರೆ ಈ ಮೆಟ್ಟಿಲಿನಲ್ಲಿ ಲಾಭದ ಪ್ರಶ್ನೆಯೇ ಇಲ್ಲ. ಇಲ್ಲಿ ಮಾಡುವ ಖರ್ಚೆಲ್ಲ ಮುಂದಿನ ಮೆಟ್ಟಿಲಿಗೆ ಹೂಡಿದ ಬಂಡವಾಳ.

ಐಟಿಎಫ್ ಸಂಸ್ಥೆಯೇ ನಡೆಸಿದ ಪರಿಶೀಲನೆ ಇದನ್ನು ಸಮರ್ಥಿಸುತ್ತದೆ. 2013ರ ಅಂಕಿಗಳ ಪ್ರಕಾರ ತರಬೇತುದಾರರ ವೆಚ್ಚವನ್ನು ಬಿಟ್ಟೇ ಆಟಗಾರ್ತಿಯ ಸರಾಸರಿ ವಾರ್ಷಿಕ ಖರ್ಚು ಸುಮಾರು 40 ಸಾವಿರ ಡಾಲರ್ ಇತ್ತು. ಲಾಭ-ನಷ್ಟವಿಲ್ಲದ ಮಟ್ಟ ತಲುಪಲು ವಿಶ್ವದಲ್ಲಿ ಸುಮಾರು 250ನೆಯ ಸ್ಥಾನದೊಳಗೆ ಇರಬೇಕಾಗಿತ್ತು. ಅಂದಿನಿಂದ ಬಹುಮಾನವೂ ಏರಿದೆ, ಖರ್ಚೂ ಏರಿದೆ. ಲೆಕ್ಕದ ಸ್ವರೂಪ ಮಾತ್ರ ಬದಲಾಗಿಲ್ಲ.

ಬೆಂಗಳೂರಿನ ಅನುಭವ

ವಿಶ್ವದ ಅಗ್ರ ಆಟಗಾರ್ತಿಯರು ರಾಮನಗರದಿಂದ ಕೇವಲ 50 ಕಿಲೋಮೀಟರ್ ದೂರದಲ್ಲಿ ಆಡಿದ ಕಾಲವೂ ಇತ್ತು. ಬೆಂಗಳೂರಿನ ಕಬ್ಬನ್ ಉದ್ಯಾನದ ಕ್ರೀಡಾಂಗಣದಲ್ಲಿ 2006ರಿಂದ 2008ರವರೆಗೆ ಡಬ್ಲ್ಯುಟಿಎ ಮಟ್ಟದ ಬೆಂಗಳೂರು ಓಪನ್ ನಡೆಯಿತು. 2008ರಲ್ಲಿ ಬಹುಮಾನದ ಒಟ್ಟು ಮೊತ್ತ 6 ಲಕ್ಷ ಡಾಲರಿಗೆ ಏರಿತ್ತು. ಆ ವರ್ಷ ಸೆರೆನಾ ವಿಲಿಯಮ್ಸ್ ಸೆಮಿಫೈನಲ್‌ನಲ್ಲಿ ಅಕ್ಕ ವೀನಸ್ ಅವರನ್ನೂ, ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪ್ಯಾಟಿ ಶ್ನೈಡರ್ ಅವರನ್ನೂ ಸೋಲಿಸಿ ಪ್ರಶಸ್ತಿ ಗೆದ್ದರು. ಆದರೆ ಕೂಟ ಅಲ್ಲಿಗೇ ನಿಂತಿತು. ದೊಡ್ಡ ಕೂಟವೊಂದನ್ನು ಒಮ್ಮೆ ತರುವುದಕ್ಕಿಂತ ವರ್ಷವರ್ಷವೂ ಉಳಿಸಿಕೊಳ್ಳುವುದು ಕಷ್ಟ ಎಂಬುದಕ್ಕೆ ಇದೇ ನಿದರ್ಶನ.

ರಾಜ್ಯ ಟೆನಿಸ್ ಸಂಸ್ಥೆಯನ್ನು ದೀರ್ಘಕಾಲ ಮುನ್ನಡೆಸಿದ ಎಸ್.ಎಂ. ಕೃಷ್ಣ ಅವರು ಚನ್ನಪಟ್ಟಣದ ನೆರೆಯ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರು. 2024ರ ಡಿಸೆಂಬರಿನಲ್ಲಿ ಅವರು ನಿಧನರಾದ ಬಳಿಕ ಆ ಕ್ರೀಡಾಂಗಣಕ್ಕೆ ಅವರ ಹೆಸರನ್ನಿಡಲಾಯಿತು. 2025ರ ನವೆಂಬರಿನಲ್ಲಿ ಭಾರತ, ಸ್ಲೊವೇನಿಯಾ ಮತ್ತು ನೆದರ್ಲೆಂಡ್ಸ್ ಮಹಿಳಾ ತಂಡಗಳ ನಡುವೆ ಬಿಲ್ಲಿ ಜೀನ್ ಕಿಂಗ್ ಕಪ್ ಪ್ಲೇ-ಆಫ್ ಪಂದ್ಯಗಳು ನಡೆದದ್ದು ಅಲ್ಲಿಯೇ.

ಭಾರತದ ಮಟ್ಟಿಗೆ ಈವರೆಗಿನ ಶಿಖರ ಹೈದರಾಬಾದಿನ ಸಾನಿಯಾ ಮಿರ್ಜಾ. 2007ರಲ್ಲಿ ಸಿಂಗಲ್ಸ್‌ನಲ್ಲಿ 27ನೆಯ ಸ್ಥಾನ, 2015ರಲ್ಲಿ ಡಬಲ್ಸ್‌ನಲ್ಲಿ ವಿಶ್ವದ ಪ್ರಥಮ ಸ್ಥಾನ, ಒಟ್ಟು ಆರು ಗ್ರ್ಯಾಂಡ್ ಸ್ಲಾಮ್ ಡಬಲ್ಸ್ ಮತ್ತು ಮಿಶ್ರ ಡಬಲ್ಸ್ ಪ್ರಶಸ್ತಿಗಳು ಅವರ ಸಾಧನೆ. ಅವರು 2023ರಲ್ಲಿ ನಿವೃತ್ತರಾದರು. ಸಿಂಗಲ್ಸ್‌ನಲ್ಲಿ ಆ ಎತ್ತರವನ್ನು ಮತ್ತಾವ ಭಾರತೀಯ ಆಟಗಾರ್ತಿಯೂ ಮುಟ್ಟಿಲ್ಲ.

ಬಂಡವಾಳ ಯಾರದು?

ಅಗ್ರಪಂಕ್ತಿಯವರ ಹಿನ್ನೆಲೆಯನ್ನು ಪರಿಶೀಲಿಸಿದರೆ, ಮೊದಲ ಲಾಭ ಬರುವ ಮುನ್ನ ಯಾರೋ ಒಬ್ಬರು ದೀರ್ಘಕಾಲ ಬಂಡವಾಳ ಹಾಕಿರುವುದು ಕಾಣುತ್ತದೆ. ಗಾಫ್ ಅವರ ತಂದೆ-ತಾಯಿ ಉದ್ಯೋಗ ತೊರೆದು ಮಗಳ ತರಬೇತಿಗೆ ನಿಂತರು. ಮಾಸ್ಕೋದಲ್ಲಿ ಜನಿಸಿದ ರಿಬಾಕಿನಾ 2018ರಲ್ಲಿ ಕಜಕಸ್ತಾನದ ಪರ ಆಡಲು ಒಪ್ಪಿದ್ದಕ್ಕೆ ಅಲ್ಲಿನ ಟೆನಿಸ್ ಫೆಡರೇಷನ್ ನೀಡಿದ ನೆರವು ಮುಖ್ಯ ಕಾರಣ. ನಾಲ್ಕು ವರ್ಷಗಳಲ್ಲಿ ಅವರು ವಿಂಬಲ್ಡನ್ ಗೆದ್ದರು. 2022ರಲ್ಲಿ 400ಕ್ಕೂ ಹೆಚ್ಚು ಡಬಲ್ ಫಾಲ್ಟ್ ಮಾಡಿದ್ದ ಸಬಲೆಂಕಾ, ಶರೀರ ಚಲನೆಯ ತಜ್ಞರನ್ನು ನೇಮಿಸಿಕೊಂಡು ಸರ್ವೀಸನ್ನು ತಿದ್ದಿಕೊಂಡರು. ಮರುವರ್ಷವೇ ಮೊದಲ ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ಬಂತು. ಕೀಸ್ ಅವರಿಗೆ ಆ ಪ್ರಶಸ್ತಿ ದೊರೆತದ್ದು 29ನೆಯ ವಯಸ್ಸಿನಲ್ಲಿ.

ಈ ಉದ್ಯಮದಲ್ಲಿ ಮಾಲೀಕರೂ ಕಾರ್ಮಿಕರೂ ಯಂತ್ರವೂ ಒಬ್ಬರೇ. ಯಂತ್ರಕ್ಕೆ ಪ್ರತಿವರ್ಷ ಸವಕಳಿ ತೆಗೆಯುವಂತೆ ಆಟಗಾರ್ತಿಯ ಗಳಿಕೆಯಿಂದಲೂ ಮುಂದಿನ ದಿನಗಳಿಗೆ ಒಂದು ಭಾಗ ಎತ್ತಿಡಬೇಕಾಗುತ್ತದೆ. ಹೆರಿಗೆಯ ಅವಧಿಯಲ್ಲಿ ವರಮಾನವೇ ಇಲ್ಲದ ಸ್ಥಿತಿಯನ್ನು ನಿವಾರಿಸಲು ಡಬ್ಲ್ಯುಟಿಎ 2025ರಲ್ಲಿ ಅರ್ಹ ಆಟಗಾರ್ತಿಯರಿಗೆ 12 ತಿಂಗಳವರೆಗೆ ವೇತನಸಹಿತ ರಜೆಯ ಯೋಜನೆ ಆರಂಭಿಸಿತು.

ತೆರಿಗೆಯ ಅಂಶಗಳು

ಬಹುಮಾನದ ಹಣಕ್ಕೆ ಸಾಮಾನ್ಯವಾಗಿ ಕೂಟ ನಡೆದ ದೇಶದಲ್ಲೇ ತೆರಿಗೆ ಕಡಿತವಾಗುತ್ತದೆ. ಅಮೆರಿಕದಲ್ಲಿ ವಿದೇಶಿ ಆಟಗಾರರಿಗೆ ಸಾಮಾನ್ಯ ದರ ಶೇ 30. ಭಾರತದಲ್ಲಿ, ಭಾರತೀಯ ಪ್ರಜೆಯಲ್ಲದ ಅನಿವಾಸಿ ಕ್ರೀಡಾಪಟುವಿನ ಗಳಿಕೆಗೆ 1961ರ ಆದಾಯ ತೆರಿಗೆ ಕಾಯ್ದೆ ನಿಗದಿಪಡಿಸಿದ ದರ ಶೇ 20. ಸರ್ಚಾರ್ಜ್ ಮತ್ತು ಸೆಸ್ ಪ್ರತ್ಯೇಕ. ಖರ್ಚುಗಳಿಗೆ ಕಳೆಯುವಿಕೆ ಇಲ್ಲದೆ ಒಟ್ಟು ಮೊತ್ತದ ಮೇಲೆಯೇ ಈ ತೆರಿಗೆ ಬೀಳುತ್ತದೆ ಎಂಬುದು ಗಮನಾರ್ಹ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯಿಸುವುದರಿಂದ ಕಲಂಗಳ ಸಂಖ್ಯೆಯನ್ನು ಹೊಸ ಕಾಯ್ದೆಯಲ್ಲೇ ನೋಡಿಕೊಳ್ಳಬೇಕು.

ಪ್ರಾಯೋಜಕತ್ವ ನೀಡುವ ಮುನ್ನ

ಮಾಗಡಿಯಲ್ಲಾಗಲಿ ಕನಕಪುರದಲ್ಲಾಗಲಿ ಆಟಗಾರ್ತಿಯೊಬ್ಬಳಿಗೆ ನೆರವಾಗಲು ಬಯಸುವ ವರ್ತಕರು ಮತ್ತು ಸಣ್ಣ ಕೈಗಾರಿಕೆಯವರು ಕೆಳಕಂಡ ಅಂಶಗಳನ್ನು ಗಮನಿಸುವುದು ಒಳಿತು.

1. ದಾನ ಮತ್ತು ಪ್ರಾಯೋಜಕತ್ವ ಬೇರೆ ಬೇರೆ. ಸಂಸ್ಥೆಯ ಹೆಸರಿನ ಪ್ರಚಾರಕ್ಕಾಗಿ, ಸಂಪೂರ್ಣವಾಗಿ ವ್ಯಾಪಾರದ ಉದ್ದೇಶಕ್ಕೆ ಮಾಡಿದ ಖರ್ಚನ್ನು ಮಾತ್ರ ವ್ಯಾಪಾರದ ವೆಚ್ಚವಾಗಿ ತೋರಿಸಬಹುದು. ಇದಕ್ಕೆ ಲಿಖಿತ ಕರಾರು ಮತ್ತು ಬ್ಯಾಂಕಿನ ಮೂಲಕ ಪಾವತಿ ಅಗತ್ಯ.

2. ಆಟಗಾರ್ತಿ ವ್ಯಕ್ತಿಯಾಗಿದ್ದು ಪ್ರಾಯೋಜಕರು ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯಾಗಿದ್ದರೆ, ಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ಪ್ರಾಯೋಜಕರೇ ಶೇ 18ರ ದರದಲ್ಲಿ ಕಟ್ಟಬೇಕಾಗುತ್ತದೆ. ಮೂಲದಲ್ಲಿ ತೆರಿಗೆ ಕಡಿತದ ಬಾಧ್ಯತೆಯನ್ನೂ ಮೊದಲೇ ಪರಿಶೀಲಿಸಬೇಕು.

3. ಕಂಪನಿ ಕಾಯ್ದೆ 2013ರ ಏಳನೆಯ ಅನುಸೂಚಿಯಲ್ಲಿ ಒಲಿಂಪಿಕ್ ಕ್ರೀಡೆಗಳ ತರಬೇತಿ ಸೇರಿದೆ. ಟೆನಿಸ್ ಒಲಿಂಪಿಕ್ ಕ್ರೀಡೆ. ಆದರೆ ಸಾಮಾಜಿಕ ಹೊಣೆಗಾರಿಕೆಯ ಹಣದಿಂದ ತರಬೇತಿಗೆ ನೆರವು ನೀಡಬಹುದೇ ಹೊರತು ಪ್ರಚಾರದ ಪ್ರತಿಫಲವನ್ನು ಅದರೊಡನೆ ಬೆರೆಸಬಾರದು.

4. ಒಂದು ವರ್ಷ ಐದು ಲಕ್ಷ ಕೊಟ್ಟು ಕೈಬಿಡುವುದಕ್ಕಿಂತ ಐದು ವರ್ಷ ತಲಾ ಒಂದು ಲಕ್ಷ ಕೊಡುವ ಭರವಸೆ ಹೆಚ್ಚು ಉಪಯುಕ್ತ. ಅಂಕಗಳು 52 ವಾರಕ್ಕೆ ಅಳಿಯುವ ಆಟದಲ್ಲಿ ಮಧ್ಯದಲ್ಲಿ ನಿಂತ ನೆರವು ಹಿಂದಿನ ಹೂಡಿಕೆಯನ್ನೂ ನಷ್ಟಗೊಳಿಸುತ್ತದೆ.

ಕುಟುಂಬಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮನೆ-ಜಮೀನನ್ನು ಅಡವಿಟ್ಟು ಅಂತಾರಾಷ್ಟ್ರೀಯ ಕೂಟಗಳಿಗೆ ಕಳುಹಿಸುವ ಮುನ್ನ, ಎಷ್ಟು ವರ್ಷ, ಎಷ್ಟು ಹಣ, ಯಾವ ಶ್ರೇಯಾಂಕದವರೆಗೆ ಎಂಬುದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ವಿವೇಕ. ಮಗಳ ವಿದ್ಯಾಭ್ಯಾಸಕ್ಕೆ ಮೀಸಲಿಟ್ಟ ಹಣವನ್ನು ಆ ಲೆಕ್ಕದಿಂದ ಹೊರಗಿಡಬೇಕು. ಆಟ ಕೈಹಿಡಿಯದಿದ್ದರೂ ಅವಳ ಮುಂದಿನ ದಾರಿ ತೆರೆದಿರುವುದು ಅದರಿಂದಲೇ.