ಹಳೆಯ ಪ್ಲೇಟುಗಳೂ ಹಾಡಿದವರ ಹೆಸರುಗಳೂ

ಅರಸೀಕೆರೆಯಲ್ಲಿ ರೈಲಿನಿಂದಿಳಿದು ಹಳೇಬೀಡು, ಬೇಲೂರುಗಳಿಗೆ ಹೋಗುವವರು ಅಲ್ಲಿನ ಶಿಲ್ಪಗಳನ್ನು ಕಣ್ತುಂಬ ನೋಡಿ ಬರುತ್ತಾರೆ. ಪೀಠದ ಮೇಲಿನ ಅಕ್ಷರಗಳನ್ನು ಗಮನಿಸುವವರು ಕಡಮೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರನ್ನು ಕೊರೆದಿದ್ದಾರೆ. ಹಳೇಬೀಡಿನಲ್ಲಿಯೂ ಇಂಥ ರುಜುಗಳುಂಟು.

ಗ್ರಾಮಫೋನಿನ ಮೊದಲ ದಿನಗಳ ಗಾಯಕರೂ ಹೀಗೆ ರುಜು ಹಾಕಿದ್ದುಂಟು, ಬಾಯಿಮಾತಿನಲ್ಲಿ! 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳ ಮುದ್ರಣವಾಯಿತು. ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಸಾರುತ್ತಿದ್ದರು. ಆಗ ಪ್ಲೇಟುಗಳು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ನಮ್ಮ ಭಾಷೆ ತಿಳಿಯದ ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ಗೊತ್ತಾಗಬೇಕಲ್ಲ! 1908ರಲ್ಲಿ ಕಲ್ಕತ್ತೆಯಲ್ಲೇ ಕಾರ್ಖಾನೆಯಾಯಿತು. ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಕಳೆದು 1930ರಲ್ಲಿ ಕಣ್ಮುಚ್ಚಿದ್ದು ನಮ್ಮ ಮೈಸೂರಿನಲ್ಲಿ.

ಹತ್ತು ಅಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಅಂಥ ಬಿಡಿ ಹಾಡುಗಳನ್ನು ಹುಡುಕಿ, ಆರಿಸಿ, ಒಂದೆಡೆ ಕೇಳಿಸುವುದೇ ಸಂಕಲನ. ಈ ಕೆಲಸ ತೋರುವಷ್ಟು ಸುಲಭವಲ್ಲ. ಹಳೆಯ ಪ್ಲೇಟುಗಳೆಲ್ಲ ನಿಮಿಷಕ್ಕೆ 78 ಸುತ್ತಿನವೇ ಎಂದು ನಂಬುವಂತಿಲ್ಲ. ವೇಗ ಹೆಚ್ಚಿದರೆ ಶ್ರುತಿ ಏರುತ್ತದೆ, ಕಡಮೆಯಾದರೆ ಇಳಿಯುತ್ತದೆ. ಗಾಯಕರ ಕಂಠವೇ ಬೇರೆಯಾಗಿ ಕೇಳುತ್ತದೆ. ಈ ಪ್ಲೇಟುಗಳ ಗೆರೆ ಅಗಲ. ಲಾಂಗ್‌ಪ್ಲೇ ತಟ್ಟೆಯ ಸಣ್ಣ ಮುಳ್ಳು ಇವಕ್ಕೆ ಸಲ್ಲದು.

ಎಲ್ಲಕ್ಕಿಂತ ಕಷ್ಟದ್ದು ಯಾರು, ಎಂದು, ಎಲ್ಲಿ ಹಾಡಿದರೆಂದು ಗೊತ್ತುಮಾಡುವುದು. ಚೀಟಿಯ ಮೇಲಿನ ಸಂಖ್ಯೆ, ಅದರ ಸುತ್ತ ತಟ್ಟೆಯಲ್ಲೇ ಒತ್ತಿದ ಸಂಖ್ಯೆ, ಇವೇ ಅದಕ್ಕೆ ಸುಳುಹು. ಆಸ್ಟ್ರೇಲಿಯದ ಮೈಕೆಲ್ ಕಿನ್ನಿಯರ್ ಎಂಬವರು ಇಂಥ ವಿವರಗಳನ್ನೇ ಕೂಡಿಸಿ, 1899ರಿಂದ 1908ರವರೆಗಿನ ಭಾರತೀಯ ಮುದ್ರಣಗಳ ಪಟ್ಟಿಯನ್ನು 1994ರಲ್ಲಿ ಪ್ರಕಟಿಸಿದರು. ದೂರದೇಶದವರೊಬ್ಬರು ನಮ್ಮ ಗಾಯಕರ ಹೆಸರುಗಳನ್ನು ಇಷ್ಟು ಅಕ್ಕರೆಯಿಂದ ಪೋಣಿಸಿಕೊಟ್ಟಿದ್ದಾರೆ.

ಇನ್ನು ನಮ್ಮ ನಿಮ್ಮ ಪಾಲಿನ ಕೆಲಸ. ಅಟ್ಟದ ಮೇಲೆ ಅಜ್ಜನ ಕಾಲದ ಪ್ಲೇಟುಗಳಿದ್ದರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ಯೋಚಿಸಿ. ಯಾವುದೋ ಹಾಡಿಗೆ ಉಳಿದಿರುವ ಒಂದೇ ಪ್ರತಿ ಅದಾಗಿರಬಹುದು. ಅವು ಅರಗಿನವು, ಸ್ಪಿರಿಟ್ ಹಾಕಿ ಒರೆಸಿದರೆ ಕರಗುತ್ತವೆ, ಮೃದುವಾದ ಒಣಬಟ್ಟೆ ಸಾಕು. ಒಂದರ ಮೇಲೊಂದು ಪೇರಿಸದೆ, ಬಿಸಿಲು ತಾಗದೆಡೆ ನೆಟ್ಟಗೆ ನಿಲ್ಲಿಸಿ. ಚೀಟಿಯನ್ನು ಕೀಳಬೇಡಿ, ಅದರಲ್ಲಿರುವುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಯಾರಾದರೂ ಪ್ರತಿ ಮಾಡಿಕೊಡುವುದಾದರೆ, ಹಾಡಿನ ತುದಿಯಲ್ಲಿ ಕೇಳುವ ಹೆಸರನ್ನು ಕತ್ತರಿಸಬಾರದೆಂದು ಹೇಳಿ. ಹಾಡಿದವರ ರುಜು ಅದು.